ಝಂಸ್ಕಾರಿ ಕುದುರೆಗೆ ಮೈಸೂರಿನ ಹುರುಳಿ

ಹಳೆಯ ಗೆಳತಿ ಪದ್ಮಕ್ಕನ ಮನೆಯ ಮೆಟ್ಟಿಲು ಹತ್ತುವಾಗಲೇ ಆ ವಾಸನೆ ಮೂಗಿಗೆ ಬಡಿಯಿತು. ದಿಲ್ಲಿಯ ಹೌಜ್ ಖಾಸ್‌ನ ಮೂರನೇ ಮಹಡಿಯಲ್ಲಿ, ಕಿಟಕಿಯೆಲ್ಲ ಮುಚ್ಚಿದ ಡಿಸೆಂಬರ್ ಮಧ್ಯಾಹ್ನದಲ್ಲಿ, ಹುರುಳಿ ಬೇಯುತ್ತಿತ್ತು. ಮಣ್ಣು, ಹೊಗೆ, ಸ್ವಲ್ಪ ಬೆವರು ಎಲ್ಲ ಸೇರಿದಂಥ ಆ ವಾಸನೆ ಗೊತ್ತಿದ್ದವರಿಗೇ ಗೊತ್ತು. ನನ್ನ ಕಾಲು ಅಲ್ಲೇ ನಿಂತಿತು.

“ಬಾರೇ ಸುಮಿತ್ರಾ, ಚಳಿಗೆ ಅಂತ ಹುರುಳಿಕಟ್ಟಿನ ಸಾರು ಮಾಡಿದ್ದೀನಿ,” ಎಂದು ಪದ್ಮಕ್ಕ ಬಡಿಸಲು ಬಂದಳು. ನನಗೆ ಮಜ್ಜಿಗೆ ಅನ್ನ ಸಾಕು ಎಂದೆ. “ಯಾಕೆ, ಕುದುರೆ ತಿನ್ನೋದು ನಾನು ತಿನ್ನಲ್ಲ ಅನ್ನೋ ಜಂಭವೇನೇ?” ಎಂದು ಅವಳು ನಕ್ಕಳು. ನಾನೂ ನಕ್ಕೆ. ಅವಳಿಗೆ ಏನು ಗೊತ್ತು! ಅವಳು ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲಿದ್ದ ಕಾಲದಲ್ಲಿ ಮೈಸೂರಿನಿಂದ ರೈಲಿನಲ್ಲಿ ಒಂದು ಚೀಲ ಹುರುಳಿ ಹೊತ್ತು ತಂದು ನನ್ನ ಅಪ್ಪನಿಗೆ ಕೊಟ್ಟಿದ್ದಳು. ಒಳ್ಳೆಯ ಮನಸ್ಸಿನಿಂದ ತಂದವಳು. ಅದರ ಮುಂದಿನ ಕತೆಯನ್ನು ನಾನು ಇವತ್ತಿಗೂ ಅವಳಿಗೆ ಹೇಳಿಲ್ಲ.

ಅದು ಗುರ್ಗಾಂವ್ ಹೆದ್ದಾರಿಯನ್ನು ಅಗೆದು ಅಗಲ ಮಾಡುತ್ತಿದ್ದ ಕಾಲ. ಮೆಟ್ರೋ ನಮ್ಮ ಕಡೆಗೆ ಇನ್ನೂ ಮುಖ ಹಾಕಿರಲಿಲ್ಲ. ನಾವಿದ್ದದ್ದು ಆರ್.ಕೆ.ಪುರಂನಲ್ಲಿ, ಎರಡನೇ ಮಹಡಿಯ ಸರಕಾರಿ ಕ್ವಾರ್ಟರ್ಸು. ಹಿಂದಿನ ಶ್ರಾವಣದಲ್ಲಿ ಅಮ್ಮ ಹೋಗಿದ್ದಳು. ಅಪ್ಪನನ್ನು ಮೈಸೂರಿನಿಂದ ನಾನೇ ಹಟ ಮಾಡಿ ಕರೆತಂದಿದ್ದೆ. ಕರೆತಂದದ್ದೇನೋ ಸರಿ, ಆದರೆ ಮನುಷ್ಯ ಬಾಲ್ಕನಿಯ ಕುರ್ಚಿಯಲ್ಲಿ ಕೂತವರು ಏಳಲೇ ಇಲ್ಲ. “ಇಲ್ಲಿ ಆಕಾಶಕ್ಕೂ ಬಣ್ಣ ಇಲ್ಲವಲ್ಲೇ,” ಅನ್ನುವರು. ಊಟಕ್ಕೆ ಕರೆದರೆ ಬರುವರು, ಟಿ.ವಿ. ಹಾಕಿದರೆ ನೋಡುವರು, ಆರಿಸಿದರೆ ಆರಿದ ಟಿ.ವಿ.ಯನ್ನೇ ನೋಡುವರು. ಆಫೀಸಿಗೆ ಹೋದರೂ ನನ್ನ ಅರ್ಧ ಮನಸ್ಸು ಆ ಕುರ್ಚಿಯ ಹತ್ತಿರವೇ ಇರುತ್ತಿತ್ತು.

ಅಪ್ಪ ಮೈಸೂರಿನ ಒಂದು ಕುದುರೆ ಲಾಯದಲ್ಲಿ ಜಮಾದಾರರಾಗಿ ಆಯಸ್ಸು ಸವೆಸಿದವರು. ಸವಾರರಲ್ಲಿ ಬಹಳ ಮಂದಿ ಸಾಬರು. ಅವರೊಂದಿಗೆ ಇದ್ದೂ ಇದ್ದೂ ಅಪ್ಪನ ಹಿಂದಿ ಪೂರ್ತಿ ದಖ್ಖನಿ. ದಿಲ್ಲಿಯ ತರಕಾರಿ ಭಯ್ಯಾನಿಗೆ ಬೇಡ ಎನ್ನಲು “ನಕ್ಕೋ ಜೀ” ಎಂದರೆ ಅವನು ಕಣ್ಣು ಕಣ್ಣು ಬಿಡುವನು.

ನಾನು ಕೆಲಸ ಮಾಡುತ್ತಿದ್ದದ್ದು ದನಕರು ಸಾಕಣೆಗೆ ಸಂಬಂಧಪಟ್ಟ ಒಂದು ಸರಕಾರಿ ಕಚೇರಿಯಲ್ಲಿ. ಆ ಚಳಿಗಾಲದಲ್ಲಿ ಮೇಲಿನವರಿಗೆ ಯಾರಿಗೋ ದೇಶಿ ಕುದುರೆ ತಳಿಗಳ ಪ್ರದರ್ಶನ ಮಾಡಬೇಕೆಂದು ಹುಕಿ ಬಂತು. ಮಹಿಪಾಲಪುರದ ಆಚೆ, ವಿಮಾನಗಳು ತಲೆಯ ಮೇಲೇ ಇಳಿಯುವ ಒಂದು ಹಳೆಯ ಅಂಗಳದಲ್ಲಿ ಶೆಡ್ಡು ಹಾಕಿಸಿದರು. ಪ್ರತಿ ಕುದುರೆಯ ಮುಂದೆ ನಿಲ್ಲಿಸುವ ಫಲಕ ಬರೆಯುವ ಕೆಲಸ ನನ್ನ ತಲೆಗೆ ಬಂತು. ಲಾಯದ ಜಮಾದಾರರ ಮಗಳಲ್ಲವೇ ಎಂದು, ಕುದುರೆಯ ಬಾಲ ಯಾವ ಕಡೆ ಎಂದು ತಿಳಿಯದ ಗುಮಾಸ್ತರೆಲ್ಲ ಸೇರಿ ನನ್ನನ್ನು ಪಂಡಿತೆ ಮಾಡಿದರು.

ಓದುತ್ತಾ ಓದುತ್ತಾ ನನಗೇ ರುಚಿ ಹತ್ತಿತು ಅನ್ನಿ. ಮಾರ್ವಾಡಿಯ ಕಿವಿ ಒಳಕ್ಕೆ ಬಾಗಿ ತುದಿಗೆ ತುದಿ ತಾಕುತ್ತದೆ. ಮರಳುಗಾಡಿನ ರಜಪೂತರು ಯುದ್ಧಕ್ಕೆಂದು ಬೆಳೆಸಿದ ತಳಿ, ಸುಡುವ ಮರಳಿನಲ್ಲಿ ನಡೆಯಲೆಂದೇ ಕಾಲು ಉದ್ದ. ಕಾಠಿಯಾವಾಡಿಗೂ ಅಂಥದೇ ಕಿವಿ, ಆದರೆ ಮೈ ಚಿಕ್ಕದು, ಹಣೆ ಅಗಲ. ಅರಬ್ಬಿ ರಕ್ತ ಸಮುದ್ರದ ಮೇಲಿಂದ ಬಂದು ಅದರಲ್ಲಿ ಬೆರೆಯಿತು ಎನ್ನುತ್ತಾರೆ. ಮಣಿಪುರದ ತಟ್ಟು ಗಿಡ್ಡ, ಚುರುಕು. ಪೋಲೋ ಆಟ ಇಂಗ್ಲಿಷ್ ಸಾಹೇಬರ ಕೈಗೆ ಹೋದದ್ದೇ ಅದರ ಬೆನ್ನಿನ ಮೇಲಿಂದ. ಅದಕ್ಕೆ ಹಿಂದೆ ರೆಕ್ಕೆಯಿತ್ತು ಎಂದು ಅಲ್ಲಿನವರು ನಂಬುತ್ತಾರೆ. ಇನ್ನು ಝಂಸ್ಕಾರಿ. ಅದರ ಊರು ಝಂಸ್ಕಾರ್, ಲಡಾಖಿನ ಆಚೆಯ ಮೂಲೆ, ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಹಿಮ ಮುಚ್ಚಿದ ಜಾಗ. ಗಾಳಿಯೂ ತೆಳು, ಹುಲ್ಲೂ ತೆಳು. ಅಲ್ಲಿ ಹೊರೆ ಹೊರುವ, ಹಿಮದ ಮೇಲೆ ಜಾರದೆ ನಡೆಯುವ ಕುದುರೆ.

ಅಪ್ಪನನ್ನು ಕುರ್ಚಿಯಿಂದ ಎಬ್ಬಿಸಲು ಇದಕ್ಕಿಂತ ಒಳ್ಳೆಯ ನೆಪ ಉಂಟೇ? ಕರೆದುಕೊಂಡು ಹೋದೆ. ಮನುಷ್ಯ ಶೆಡ್ಡಿನ ಬಾಗಿಲಲ್ಲಿ ನಿಂತು ಉದ್ದಕ್ಕೆ ಉಸಿರೆಳೆದುಕೊಂಡರು. ಆಮೇಲೆ ಸಾಲಾಗಿ ತಪಾಸಣೆ ಶುರು. ಮಾರ್ವಾಡಿಯ ಮುಂದೆ ನಿಂತು, “ಇದು ಕುದುರೆ,” ಅಂದರು. ಕಾಠಿಯಾವಾಡಿಗೆ, “ನಮ್ಮ ಲಾಯದಲ್ಲಿ ಇಂಥದ್ದು ಎರಡಿದ್ವು, ಒದೆಯೋದ್ರಲ್ಲಿ ಗಟ್ಟಿ.” ಕೊನೆಯಲ್ಲಿದ್ದ ಝಂಸ್ಕಾರಿಯನ್ನು ಕಂಡು ಅವರಿಗೆ ನಗುವೇ ಬಂತು.

“ಏನೇ ಇದು, ಕತ್ತೆಗೆ ಕಂಬಳಿ ಹೊದಿಸಿ ತಂದು ನಿಲ್ಲಿಸಿದ್ದಾರೆ!”

ಅಮ್ಮ ಹೋದ ಮೇಲೆ ಅಪ್ಪ ನಕ್ಕದ್ದು ಅದೇ ಮೊದಲು.

ಅಪ್ಪ ಹೇಳಿದ್ದು ಸುಳ್ಳೂ ಅಲ್ಲ. ಬೂದು ಬಣ್ಣದ ಆ ಹೆಣ್ಣು ಕುದುರೆ ನನ್ನ ಭುಜದಷ್ಟೂ ಎತ್ತರವಿರಲಿಲ್ಲ. ಬೆರಳು ಹೂತುಹೋಗುವಷ್ಟು ದಟ್ಟ ಕೂದಲು, ಕಣ್ಣಿನ ಮೇಲೆ ಬಿದ್ದ ಜುಟ್ಟು, ದಪ್ಪ ಮೊಣಕಾಲು. ಹೆಸರು ನೋರ್ಬು. ಅದರೊಂದಿಗೆ ಬಂದವನು ತಾಶಿ, ನಲವತ್ತರ ಹತ್ತಿರದ, ಮಾತು ಕಡಿಮೆಯ ಮನುಷ್ಯ. ಹೆಂಡತಿಯ ತವರಿನಿಂದ ಮದುವೆಯಲ್ಲಿ ಬಂದ ಕುದುರೆಯಂತೆ. ಅಪ್ಪ ತಮ್ಮ ದಖ್ಖನಿಯಲ್ಲಿ, “ಕ್ಯಾ ಜೀ, ಇತ್ತಾ ಸಾ ಘೋಡಾ?” ಇಷ್ಟೇ ಇಷ್ಟು ಕುದುರೆಯೇ ಎಂದು ಕೆಣಕಿದರೆ, ಅವನು ತನ್ನ ಮುರುಕು ಹಿಂದಿಯಲ್ಲಿ, “ಛೋಟಾ ಹೈ ಬಾಬೂಜಿ, ಪರ್ ಘರ್ ಕಾ ಆದ್ಮಿ ಹೈ,” ಅಂದ. ಚಿಕ್ಕದಾದರೂ ಮನೆಯ ಮನುಷ್ಯನೇ ಎಂದು. ಅಪ್ಪನಿಗೆ ಆ ಮಾತು ನಾಟಿತು. ಮರುದಿನ ತಾವೇ ಬಸ್ಸು ಹತ್ತಿ ಹೋದರು.

ಪ್ರದರ್ಶನ ಮುಗಿಯಿತು. ಮಾರ್ವಾಡಿ, ಕಾಠಿಯಾವಾಡಿ, ಮಣಿಪುರಿ ಎಲ್ಲ ತಮ್ಮ ತಮ್ಮ ಊರಿಗೆ ಹೋದವು. ನೋರ್ಬು ಮಾತ್ರ ಉಳಿಯಿತು. ದಿನ ಗೊತ್ತು ಮಾಡಿದ ಮಹಾಶಯರಿಗೆ, ಶರತ್ಕಾಲದಲ್ಲಿ ಘಾಟಿ ದಾಟಿ ಬಂದ ಕುದುರೆ ಜನವರಿಯಲ್ಲಿ ವಾಪಸು ಹೋಗಲಾರದು ಎಂಬುದೇ ಹೊಳೆದಿರಲಿಲ್ಲ. ಝಂಸ್ಕಾರ್‌ಗೆ ಹೋಗುವ ದಾರಿಯ ಘಾಟಿಗಳು ಹಿಮದಡಿ ಹೂತಿದ್ದವು. ತೆರೆಯುವುದು ಬೇಸಿಗೆ ಬಲಿತ ಮೇಲೆ. ಅಷ್ಟರಲ್ಲಿ ದಿಲ್ಲಿ ಏನಾಗಿರುತ್ತದೆ ಎಂದು ಇಲ್ಲಿ ಒಂದು ಮೇ ತಿಂಗಳು ಕಳೆದವರನ್ನು ಕೇಳಿ! ಅಲ್ಲಿಯವರೆಗೆ ಯಾವುದಾದರೂ ತಂಪಾದ ಬೆಟ್ಟದ ಊರಿನಲ್ಲಿ ಇಡಿಸಿ ಎಂದು ನಾನು ಸಾಹೇಬರಿಗೆ ಹೇಳಿದೆ. ಲಾರಿಗೆ ಒಂದೇ ಸಲ ಮಂಜೂರಾತಿ, ಎರಡು ಸಲ ಸಾಗಿಸಲು ಆಗುವುದಿಲ್ಲ ಎಂದರು. ಮತ್ತೆ ಹೇಳಿದೆ. “ದೇಖ್ತೇ ಹೈ, ಸುಮಿತ್ರಾಜಿ,” ಎಂದರು. ದೇಖ್ತೇ ಹೈ, ನೋಡೋಣ, ಅಂದರೆ ನಮ್ಮಲ್ಲಿ ಆಗುವುದಿಲ್ಲ ಎಂದೇ ಅರ್ಥ. ಹೀಗೆ ನೋರ್ಬುವಿನ ಬದುಕು ಒಂದು ಕಡೆ ಕರಗದ ಹಿಮ, ಇನ್ನೊಂದು ಕಡೆ ಏರುತ್ತಿದ್ದ ಬಿಸಿಲು, ಇವುಗಳ ನಡುವೆ ಸಿಕ್ಕಿಬಿತ್ತು.

ಅಪ್ಪನಿಗೆ ಮಾತ್ರ ಬೆಳಗಾದರೆ ಹೋಗಲು ಒಂದು ಜಾಗ ಸಿಕ್ಕಿತು. ಬಿಳಿ ಜುಬ್ಬಾ ತೊಟ್ಟು, ತಲೆಗೆ ಟವೆಲ್ ಸುತ್ತಿ, ಅಗೆದ ರಸ್ತೆಯ ಧೂಳಿನಲ್ಲಿ ಬಸ್ಸಿಗೆ ಕಾಯುವರು. ಸಂಜೆ ಬಂದು ಊಟದ ಹೊತ್ತಿನಲ್ಲಿ ಕುದುರೆಯದೇ ಮಾತು. ತಾಶಿಯ ಊರಿನಲ್ಲಿ ಕುದುರೆಗೆ ಲಾಳ ಹೊಡೆಯುವುದು ಹೇಗೆ, ಹಿಮದಲ್ಲಿ ಅದು ಕಾಲಿನಿಂದ ಕೆದಕಿ ಕೆಳಗಿನ ಹುಲ್ಲು ತಿನ್ನುವುದು ಹೇಗೆ. “ಈ ದಪ್ಪ ಕೂದಲು ಸುಮ್ಮನೆ ಬಂದಿದ್ದಲ್ಲ ಕಣೇ, ಎಷ್ಟೋ ತಲೆಮಾರು ಚಳಿ ತಿಂದಿರೋದು,” ಅನ್ನುವರು. ಕತ್ತೆಯೆಂದು ನಕ್ಕಿದ್ದವರೇ ಇವರು!

ಹೋಳಿ ಕಳೆದು ಗಾಳಿ ಬೆಚ್ಚಗಾಗುತ್ತಿದ್ದ ಹಾಗೆ ನೋರ್ಬು ಕೂದಲು ಉದುರಿಸತೊಡಗಿತು. ತಾಶಿ ಕೈಯಿಂದ ಎಳೆದರೆ ಮುಷ್ಟಿ ಮುಷ್ಟಿಯಾಗಿ ಬರುತ್ತಿತ್ತು. ಆ ಕಂಬಳಿಯೆಲ್ಲ ಕಳಚಿದ ಮೇಲೆ ಒಳಗಿಂದ ಸಣ್ಣ, ನಯವಾದ, ಪಕ್ಕೆಲುಬು ಎಣಿಸಬಹುದಾದ ಒಂದು ಪ್ರಾಣಿ ಹೊರಬಂತು. ಪ್ರತಿ ವರ್ಷವೂ ಹೀಗೇ, ವಸಂತದಲ್ಲಿ ಸಪೂರ ಕಾಣುತ್ತದೆ, ಒಣಹುಲ್ಲು ಸಾಕು ಎಂದು ತಾಶಿ ಹೇಳಿದ. ಅಪ್ಪ ಹ್ಞೂಂಗುಟ್ಟಿದರು. ಮನೆಗೆ ಬಂದು ನನ್ನ ಹತ್ತಿರ ಬೇರೆಯೇ ಹೇಳಿದರು.

“ಪಾಪ ಕಣೇ, ಆ ಬಡವನಿಗೆ ಕೊಡೋಕೆ ಏನೂ ಇಲ್ಲ, ಅದಕ್ಕೇ ಸಾಕು ಅಂತಾನೆ. ಕುದುರೆ ಮೈ ಇಳಿದುಹೋಗಿದೆ. ಈ ಮೈಯಲ್ಲಿ ಅದು ಅಷ್ಟು ದೂರ ಹೆಂಗೆ ಹೋದೀತು? ಬೆಟ್ಟ ಹತ್ತೋದು ಬೇಡವಾ?”

ಏಪ್ರಿಲ್‌ನಲ್ಲಿ ತಾಶಿಗೆ ಕಾಮಾಲೆ ಹಿಡಿಯಿತು. ಕಣ್ಣು ಅರಿಸಿನ ಹಚ್ಚಿದಂತಾಗಿ ಆಸ್ಪತ್ರೆ ಸೇರಿದ. ಅಲ್ಲಿಂದ ಯಮುನೆಯ ಕಡೆ ಇದ್ದ ಊರಿನವರೊಬ್ಬರ ಕೋಣೆಯಲ್ಲಿ ಮಲಗಿದ. ಹೋಗುವ ಮುಂಚೆ ಲಗಾಮನ್ನು ಅಪ್ಪನ ಕೈಗಿಟ್ಟು, “ಬಾಬೂಜಿ, ಆಪ್ ಹೈ ನಾ,” ಅಂದನಂತೆ. ನೀವಿದ್ದೀರಲ್ಲ ಎಂದು. ಅದನ್ನು ಹೇಳುವಾಗ ಅಪ್ಪ ಎದೆ ಸೆಟೆಸಿ ನಿಂತಿದ್ದರು.

ಲಾಯದಲ್ಲಿ ಬೆಳೆದವರಿಗೆ ಕುದುರೆ ಎಂದರೆ ಹುರುಳಿ. ದಿಲ್ಲಿಯ ಕುದುರೆಗಳು ಕಡಲೆ ತಿನ್ನುತ್ತವೆ, ಅದನ್ನು ಅಪ್ಪ ಮೇವೆಂದೇ ಒಪ್ಪುವವರಲ್ಲ. ಆಗಲೇ ಪದ್ಮಕ್ಕ ಊರಿಂದ ಬರುವವಳಿದ್ದಳು, ಅವಳಿಗೆ ಫೋನು ಹೋಯಿತು, ಚೀಲ ಬಂತು. ಬೆಳಗಿನ ಕಾಫಿಗೂ ಮುಂಚೆ ನನ್ನ ಅಡುಗೆಮನೆ ಲಾಯವಾಯಿತು. ದೊಡ್ಡ ಕುಕ್ಕರಿನಲ್ಲಿ ಹುರುಳಿ, ಮೇಲೆ ಬೆಲ್ಲದ ಚೂರು. ನನ್ನ ಮಗಳು ಮೂಗು ಹಿಡಿದುಕೊಂಡು ಓಡಾಡುವಳು: “ಮಮ್ಮಿ, ತಾತ ಕ್ಯಾ ಪಕಾ ರಹೇ ಹೈ? ಪೂರಾ ಸ್ಟೇರ್‌ಕೇಸ್ ಸ್ಮೆಲ್ ಮಾಡ್ತಿದೆ!” ಪಕ್ಕದ ಮನೆಯ ಪಂಜಾಬಿ ಆಂಟಿ ನಾವು ಏನೋ ಔಷಧಿ ಕಾಯಿಸುತ್ತಿದ್ದೇವೆ ಎಂದುಕೊಂಡರು. ನಾನು ಯಾರಿಗೂ ಜಗ್ಗಲಿಲ್ಲ. ಅಪ್ಪ ಶಿಳ್ಳೆ ಹಾಕುತ್ತಾ ಸೌಟು ತಿರುಗಿಸುತ್ತಿದ್ದರು. ಆ ಶಿಳ್ಳೆಗಾಗಿ ನಾನು ಬಿಲ್ಡಿಂಗಿನವರೆಲ್ಲರ ಬಾಯಿ ಮುಚ್ಚಿಸಲು ಸಿದ್ಧಳಿದ್ದೆ.

ಬೆಂದ ಹುರುಳಿಯನ್ನು ಸ್ಟೀಲಿನ ಕ್ಯಾರಿಯರಿನಲ್ಲಿ ತುಂಬಿಕೊಂಡು ಹೋಗುವರು. ಕೊನೆಯ ಒಂದು ಮುಷ್ಟಿಯನ್ನು ಕರವಸ್ತ್ರದಲ್ಲಿ ಕಟ್ಟಿ ಜುಬ್ಬಾದ ಜೇಬಿಗೆ. ಅದು ಸಂಜೆ ಹೊರಡುವ ಹೊತ್ತಿಗೆ ನೋರ್ಬುವಿಗೆ ಉಪಚಾರ. ನೋರ್ಬು ಬಹಳ ಬೇಗ ಇದನ್ನು ಕಲಿತುಕೊಂಡಿತು. ಅಪ್ಪ ಗೇಟು ದಾಟುತ್ತಲೇ ಕೆನೆಯುವುದು, ಹತ್ತಿರ ಬಂದರೆ ಜೇಬಿಗೆ ಮೂತಿ ತುರುಕುವುದು. ನಾನು ಹೋದಾಗಲೆಲ್ಲ ಅಪ್ಪ ಇದನ್ನು ಮಾಡಿಸಿ ತೋರಿಸುವರು. ಅಳತೆ ಮಾತ್ರ ಲಾಯದ್ದೇ. ರೇಸಿನಿಂದ ಬಂದ ಎತ್ತರದ ಥರೋಬ್ರೆಡ್ ಕುದುರೆಗಳಿಗೆ ಹಾಕುತ್ತಿದ್ದ ಅಳತೆ.

ಮೇ ಬಂತು. ಆಕಾಶ ಬೂದಿಯ ಬಣ್ಣಕ್ಕೆ ತಿರುಗಿತು. ಲೂ ಎಂಬ ಬಿಸಿಗಾಳಿ ಬೀಸಿದರೆ ಶೆಡ್ಡಿನ ತಗಡು ಮುಟ್ಟುವ ಹಾಗಿರಲಿಲ್ಲ. ಅಪ್ಪ ಗೋಣಿಚೀಲ ನೆನೆಸಿ ಕಟ್ಟಿದರು, ನಮ್ಮ ಮನೆಯ ಹಳೆಯ ಕೂಲರನ್ನು ಆಟೋದಲ್ಲಿ ಹಾಕಿಕೊಂಡು ಹೋದರು. ಬಿಸಿಲೇ ಶತ್ರು ಎಂದು ನಾವೆಲ್ಲ ಆ ಕಡೆಗೇ ಕಾವಲು ಕೂತಿದ್ದೆವು. ನೋರ್ಬು ದುಂಡಗಾಯಿತು. ಬೆನ್ನು ತುಂಬಿ ನಡುವೆ ಗೆರೆ ಬಿತ್ತು, ಕುತ್ತಿಗೆ ಗಟ್ಟಿಯಾಯಿತು, ಮೈ ಮಿರಿಮಿರಿ ಮಿಂಚಿತು. ನೋಡಲು ಬಂದ ನಮ್ಮ ಸಾಹೇಬರು, “ವಾಹ್, ಬಹುತ್ ಅಚ್ಛಾ,” ಎಂದು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು.

ಒಂದು ರಜೆಯ ಬೆಳಗ್ಗೆ ನಾನೂ ಅಪ್ಪನ ಜೊತೆ ಹೋಗಿದ್ದೆ. ಗೇಟು ದಾಟಿದರೂ ಕೆನೆತ ಕೇಳಲಿಲ್ಲ. ನೋರ್ಬು ಮುಂಗಾಲೆರಡನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ, ಹಿಂದಕ್ಕೆ ಒರಗಿದ ಹಾಗೆ ನಿಂತಿತ್ತು. ನನಗೆ ಏನೂ ತಿಳಿಯಲಿಲ್ಲ. ಅಪ್ಪನ ಕೈಯಿಂದ ಕ್ಯಾರಿಯರು ಜಾರಿ ಬಿತ್ತು.

ಮಂಡಿಯೂರಿ ಕೂತು ಅದರ ಗೊರಸಿನ ಮೇಲೆ ಕೈಯಿಟ್ಟರು. ಒಂದು, ಆಮೇಲೆ ಇನ್ನೊಂದು.

“ಕಾದಿದೆ,” ಎಂದರು. “ಗೊರಸು ಕಾದ ಹೆಂಚಾಗಿದೆ ಕಣೇ. ಇದು ಬಿಸಿಲಲ್ಲ.”

ಎಷ್ಟೋ ಹೊತ್ತು ಅವರು ಅಲ್ಲಿಂದ ಏಳಲಿಲ್ಲ. ಹೆಚ್ಚು ಧಾನ್ಯ ತಿಂದು ಗೊರಸು ಕೆಟ್ಟ ಕುದುರೆಯನ್ನು ಲಾಯದಲ್ಲಿ ಅವರು ಹಿಂದೆ ನೋಡಿದ್ದರು. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಡಾಕ್ಟರ್ ಬರುವ ಮೊದಲೇ ಅವರಿಗೆ ಎಲ್ಲ ಗೊತ್ತಾಗಿಹೋಗಿತ್ತು.

ಡಾಕ್ಟರ್ ಹರಿಯಾಣದ ಕಡೆಯವರು, ಒಳ್ಳೆಯ ಮನುಷ್ಯ. ಏನು ತಿನ್ನಿಸಿದಿರಿ ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮುಂಚೆ ಅಪ್ಪ, “ಕುಲ್ಥಿ. ಮೈಂಚ್ ದಿಯಾ,” ಎಂದರು. ಹುರುಳಿ, ಕೊಟ್ಟವನು ನಾನೇ. ಡಾಕ್ಟರ್ ಬೈಯಲಿಲ್ಲ. ಇಂಥ ಬೆಟ್ಟದ ತಳಿ ಬರಗಾಲವನ್ನೇ ತಿಂದು ಬೆಳೆದದ್ದು, ಒಂದು ಕಡ್ಡಿ ಸಿಕ್ಕರೂ ಅದನ್ನು ಮೈಯೊಳಗೆ ಬಚ್ಚಿಟ್ಟುಕೊಳ್ಳುತ್ತದೆ. ಥರೋಬ್ರೆಡ್ ಓಡಿ ಸುಡುವುದನ್ನು ಇದು ಸುಡಲಾರದು, ಅದೆಲ್ಲ ವಿಷವಾಗಿ ಗೊರಸಿಗೆ ಇಳಿಯುತ್ತದೆ ಎಂದರು. ನಾನು ಇದೇ ತಳಿಯ ಫಲಕ ಬರೆದವಳು. ಗಾಳಿ ತೆಳು, ಹುಲ್ಲು ತೆಳು ಎಂದು ಚೆಂದವಾಗಿ ಬರೆದಿದ್ದೆ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ನಮ್ಮ ಮನೆಯಲ್ಲಿ ಸಾರಿಗೆ ತುಪ್ಪ ಹೆಚ್ಚಾದಾಗ ಮಾತ್ರ ನೆನಪಾಗುತ್ತಿತ್ತು.

ಆಮೇಲಿನ ವಾರಗಳು ಬರೀ ನೀರು, ಕೆಸರು. ಅಪ್ಪ ಪೈಪು ಹಿಡಿದು ಅದರ ಕಾಲಿಗೆ ತಣ್ಣೀರು ಬಿಡುತ್ತಾ ಬಿಸಿಲಿನಲ್ಲೇ ಕೂರುವರು. ನೀರು ನಿಂತರೆ ಪಕ್ಕದ ಕಟ್ಟಡದಿಂದ ಬಕೆಟ್ಟಿನಲ್ಲಿ ಹೊತ್ತು ತರುವರು. ಕಾಲಿನಡಿ ಮರಳು ಹಾಸಿದರು. ಒಂದೊಂದು ದಿನ ನೋರ್ಬು ಎರಡು ಹೆಜ್ಜೆ ಇಟ್ಟರೆ ಮನೆಗೆ ಬಂದು ಎರಡು ತುತ್ತು ಹೆಚ್ಚು ಉಣ್ಣುವರು. ಇಡದಿದ್ದರೆ ಅದೂ ಇಲ್ಲ. ಶಿಳ್ಳೆ ನಿಂತುಹೋಗಿತ್ತು.

ತಾಶಿ ಬಂದದ್ದು ಆಗ. ಬಟ್ಟೆಯೊಳಗೆ ಮನುಷ್ಯನೇ ಇಲ್ಲವೇನೋ ಎನ್ನುವಷ್ಟು ಇಳಿದುಹೋಗಿದ್ದ. ಅಪ್ಪ ಎದ್ದು ನಿಂತು ಎಲ್ಲವನ್ನೂ ಹೇಳಿದರು. ನೀನು ಸಾಕು ಅಂದಿದ್ದೆ, ನಾನು ಕೇಳಲಿಲ್ಲ ಎಂದರು. ತಾಶಿ ನೋರ್ಬುವಿನ ಕಾಲಿನ ಹತ್ತಿರ ಕೂತು ಗೊರಸನ್ನು ಸವರಿ ನೋಡಿದ. ಆಮೇಲೆ, “ಆಪ್ನೆ ಪ್ಯಾರ್ ಸೇ ಖಿಲಾಯಾ, ಬಾಬೂಜಿ,” ಎಂದ. ಪ್ರೀತಿಯಿಂದ ತಿನ್ನಿಸಿದಿರಿ. ಅಷ್ಟೇ. ಬಸ್ಸಿನಲ್ಲಿ ಅಪ್ಪ ನನ್ನ ಕಡೆ ತಿರುಗದೆ, “ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು,” ಅಂದರು.

ಜೂನ್ ಬಂತು. ತಾಶಿ ದಿನಾ ಎಸ್‌ಟಿಡಿ ಬೂತಿಗೆ ಹೋಗಿ ಕಾರ್ಗಿಲ್‌ನಲ್ಲಿದ್ದ ನೆಂಟನಿಗೆ ಫೋನು ಮಾಡುವನು. ಒಂದು ದಿನ ಓಡುತ್ತಾ ಬಂದ, ಕಾಯಿಲೆ ಬಿದ್ದವನು ಓಡಿಕೊಂಡು ಬಂದ. ಘಾಟಿ ತೆರೆದಿತ್ತು. ಹಿಮ ಕಡಿದು ದಾರಿ ಮಾಡಿದ್ದರು, ಮೊದಲ ಲಾರಿಗಳು ದಾಟಿದ್ದವು. ಅವನು ನೋರ್ಬುವಿನ ಕಿವಿಗೆ ಬಾಯಿಟ್ಟು ತನ್ನ ಭಾಷೆಯಲ್ಲಿ ಏನೋ ಹೇಳಿದ. ಅಪ್ಪ ಪೈಪು ಹಿಡಿದುಕೊಂಡೇ ನಿಂತಿದ್ದರು, ನೀರು ಅವರ ಚಪ್ಪಲಿಯ ಮೇಲೆ ಸುರಿಯುತ್ತಿತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಡಾಕ್ಟರ್ ಬಂದು ಗೊರಸಿನ ಅಡಿ ಎತ್ತಿ ತೋರಿಸಿದರು. ಒಳಗಿನ ಮೂಳೆ ಜಾರಿ ಅಂಗಾಲನ್ನು ತೂತು ಮಾಡಿತ್ತು. ಲಾರಿಯಲ್ಲಿ ನಿಲ್ಲಲಾರದು, ನಿಂತರೂ ಬೆಟ್ಟದಲ್ಲಿ ಇಳಿದು ನಡೆಯಲಾರದು, ದಿನದಿನಕ್ಕೂ ನರಳುತ್ತದೆ. ಇಂಜೆಕ್ಷನ್ ಕೊಟ್ಟು ಕಳಿಸುವುದೇ ದಯೆ ಎಂದರು. ತಾಶಿ ಆಗಲಿ ಎಂದು ತಲೆಯಾಡಿಸಿದ. ಆದರೆ ಹತ್ತಿರ ನಿಲ್ಲಲು ನನ್ನಿಂದಾಗದು ಎಂದು ಗೇಟಿನಾಚೆ ಹೋಗಿ, ಅಗೆದ ರಸ್ತೆಯ ಮಣ್ಣುಗುಡ್ಡೆಯ ಮೇಲೆ ಬೆನ್ನು ತಿರುಗಿಸಿ ಕೂತ.

ತಲೆ ಹಿಡಿಯಲು ಯಾರಾದರೂ ಬೇಕಿತ್ತು. “ನಾನು ಹಿಡೀತೀನಿ,” ಎಂದರು ಅಪ್ಪ. ಬೇಡ ಎಂದು ನಾನು ತೋಳು ಹಿಡಿದೆ. ಕೊಡವಿಕೊಂಡು ಹೋದರು.

ಅಪ್ಪ ಹತ್ತಿರ ಬಂದದ್ದು ಕಂಡು ನೋರ್ಬು ಕೆನೆಯಿತು. ಎಷ್ಟೋ ದಿನದ ಮೇಲೆ, ಸಣ್ಣಗೆ. ನೋಯುವ ಕಾಲನ್ನು ಎತ್ತಿ ಒಂದು ಹೆಜ್ಜೆ ಮುಂದೆ ಇಟ್ಟಿತು. ಕತ್ತು ಚಾಚಿ, ಜುಬ್ಬಾದ ಜೇಬಿಗೆ ಮೂತಿ ತುರುಕಿ ಹುಡುಕಿತು. ಏನೂ ಇರಲಿಲ್ಲ. ಇನ್ನೊಂದು ಕಡೆಯ ಜೇಬಿಗೂ ಮೂತಿ ಹಾಕಿ ಹುಡುಕಿತು. ಅಪ್ಪ ಖಾಲಿ ಅಂಗೈಯನ್ನು ಅದರ ತುಟಿಗೆ ಹಿಡಿದರು. ಅದು ಅಂಗೈ ನೆಕ್ಕುತ್ತಿರುವಾಗಲೇ ಡಾಕ್ಟರ್ ಸೂಜಿ ಚುಚ್ಚಿದರು. ತಲೆಯ ಮೇಲೆ ವಿಮಾನವೊಂದು ಇಳಿಯುತ್ತಿತ್ತು, ಆ ಸದ್ದಿನಲ್ಲಿ ನನ್ನ ಅಳು ನನಗೇ ಕೇಳಲಿಲ್ಲ.

ತಾಶಿ ಬರಿಗೈಯಲ್ಲಿ ಊರಿಗೆ ಹೋದ. ಬಾಲದ ಒಂದು ಎಳೆ ಕೂದಲನ್ನು ಮಾತ್ರ ಕಾಗದದಲ್ಲಿ ಸುತ್ತಿಕೊಂಡಿದ್ದ. ಅಪ್ಪ ಆಮೇಲೆ ನಾಲ್ಕಾರು ವರ್ಷ ನಮ್ಮೊಂದಿಗೇ ಇದ್ದರು. ಟಿ.ವಿ.ಯಲ್ಲಿ ಗಣರಾಜ್ಯೋತ್ಸವದ ಮೆರವಣಿಗೆಯ ಕುದುರೆಗಳು ಬಂದರೆ ಎದ್ದು ಬಾಲ್ಕನಿಗೆ ಹೋಗುವರು. ಮಿಕ್ಕ ಹುರುಳಿಯನ್ನು ನಾನು ಚೀಲದ ಸಮೇತ ಕಸದ ಗಾಡಿಗೆ ಹಾಕಿದೆ, ಮತ್ತೆ ಮನೆಗೆ ತರಲಿಲ್ಲ.

ಆದರೆ ನನ್ನನ್ನು ಇವತ್ತಿಗೂ ಹಿಂಡುವುದು ಆ ದಿನ ವಾಪಸು ಬರುವಾಗಿನ ಮಾತು. ಬಸ್ಸು ಧೂಳಿನಲ್ಲಿ ನಿಂತು ನಿಂತು ಸಾಗುತ್ತಿತ್ತು. ಅಪ್ಪ ಕಿಟಕಿಯ ಪಕ್ಕ ಕೂತು, ಒದ್ದೆಯಾಗಿದ್ದ ಅಂಗೈಯನ್ನು ಒರೆಸಿಕೊಳ್ಳದೆ ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡಿದ್ದರು. ಮನೆಯ ಸ್ಟಾಪು ಹತ್ತಿರವಾದಾಗ ನನ್ನ ಕಡೆ ತಿರುಗಿದರು.

“ಹೆಂಗೂ ಅದು ಹೋಗೋದಿತ್ತಲ್ಲೇ,” ಎಂದರು. “ಇವತ್ತೊಂದು ದಿನ ಒಂದು ಮುಷ್ಟಿ ತಂದಿರಬೇಕಿತ್ತು.”